ಲಾಠಿಗೆ ವಿದ್ಯೆಯ ಹಿಡಿತ

ಪ್ರಾಥಮಿಕ ಶಾಲೆಯಾಚೆಗೆ ಹೆಚ್ಚು ಓದದ ಆಗಸ್ಟ್ ವೋಲ್ಮರ್ 1905ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ಪಟ್ಟಣದ ಮಾರ್ಷಲ್, ಎಂದರೆ ರಕ್ಷಣಾಧಿಕಾರಿಯಾಗಿ ಚುನಾಯಿತರಾದರು. ಪೊಲೀಸನಿಗೆ ತೋಳ್ಬಲವೊಂದೇ ಸಾಕೆಂದು ಹಲವರು ಬಗೆದಿದ್ದ ಕಾಲವದು. ಆದರೆ ಕಾನೂನನ್ನು ಅರಿಯದವನು ಅದನ್ನು ಕಾಯುವುದೆಂತು? ಸಾಕ್ಷ್ಯವನ್ನು ತೂಗಲಾರದವನು ನಿರಪರಾಧಿಯನ್ನೇ ಸೆರೆಗೆ ದೂಡಿದರೆ ಹೊಣೆ ಯಾರದು?

ವೋಲ್ಮರ್ 1908ರಲ್ಲಿ ಪೊಲೀಸರಿಗಾಗಿಯೇ ಶಾಲೆಯೊಂದನ್ನು ತೆರೆದರು. 1916ರಲ್ಲಿ ಅವರ ಪ್ರಯತ್ನದಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಬೋಧನೆ ಮೊದಲಾಯಿತು. ಅಲ್ಲಿನ ವಿದ್ಯಾರ್ಥಿಗಳನ್ನೂ ಅವರು ಪಡೆಗೆ ಸೇರಿಸಿಕೊಂಡರು. ಸೇರಬಯಸಿದವರ ಬುದ್ಧಿಶಕ್ತಿಯನ್ನು ಪರೀಕ್ಷಿಸಿದರು. 1930ರಲ್ಲಿ ಅದೇ ರಾಜ್ಯದ ಸ್ಯಾನ್ ಹೋಸೆ ನಗರದ ಕಾಲೇಜೂ ಪೊಲೀಸ್ ಶಿಕ್ಷಣಕ್ಕೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳತೊಡಗಿತು.

ವಿದ್ಯಾರ್ಥಿಯಾಗಿ ಪದವಿಯನ್ನು ಪಡೆಯದ ವೋಲ್ಮರ್ ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ತಮಗೆ ದೊರೆಯದ ವಿದ್ಯೆಯ ಬಾಗಿಲನ್ನು ಅವರು ಇತರರಿಗಾಗಿ ತೆರೆದರು. ಲಾಠಿ ಹಿಡಿದ ಕೈಯನ್ನು ವಿವೇಕವು ನಡೆಸಿದಾಗಲೇ ಜನರಿಗೆ ನಿಜವಾದ ರಕ್ಷಣೆ.