ಕಲ್ಲಿದ್ದಲನ್ನೂ ತೊಳೆಯುತ್ತಾರೆ!

‘ಇದ್ದಿಲು ತೊಳೆದ್ರೆ ಬೆಳ್ಳಗಾಗುತ್ತಾ?’ ಅಂತ ನಮ್ಮಜ್ಜಿ ಆಗಾಗ ಹೇಳ್ತಿರ್ತಾರೆ. ಅದಕ್ಕೇ ನಮ್ಮ ವಿಜ್ಞಾನದ ಮೇಷ್ಟ್ರು ಕಲ್ಲಿದ್ದಲನ್ನು ತೊಳೆದು ಉರಿಸುತ್ತಾರೆ ಎಂದಾಗ ತರಗತಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಕಿರುಪರೀಕ್ಷೆಯಲ್ಲಿ ನಾನು ‘ತೊಳೆದರೆ ಗಂಧಕವೆಲ್ಲಾ ಹೋಗುತ್ತದೆ’ ಎಂದು ಬರೆದು ಎರಡು ಅಂಕ ಕಳಕೊಂಡೆ. ತಪ್ಪು ಎಲ್ಲಾಯಿತೆಂದು ಮೇಷ್ಟ್ರನ್ನು ಕೇಳಿ ತಿಳಿದು ಇದನ್ನು ಬರೆದಿದ್ದೇನೆ.

ರಾಯಚೂರು ಹತ್ತಿರ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ಕರೆಂಟು ತಯಾರಿಸುತ್ತಿದ್ದಾರೆ. ಅಲ್ಲಿ 8 ಘಟಕಗಳಿವೆ, ಒಟ್ಟು 1720 ಮೆಗಾವಾಟ್. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿ, ಒಡಿಶಾ, ಮಹಾರಾಷ್ಟ್ರದ ಕಡೆಯಿಂದ ರೈಲಿನಲ್ಲಿ ಬರಬೇಕು. ನಮ್ಮ ದೇಶದ ಕಲ್ಲಿದ್ದಲು 100 ಕೆಜಿ ಉರಿಸಿದರೆ ಸಾಮಾನ್ಯವಾಗಿ 30ರಿಂದ 45 ಕೆಜಿ ಬೂದಿಯೇ ಉಳಿಯುತ್ತದೆ. ಅಂದರೆ ನೂರು ವ್ಯಾಗನ್ ಬಂದರೆ ಮೂವತ್ತಕ್ಕೂ ಹೆಚ್ಚು ವ್ಯಾಗನ್ ಕಲ್ಲುಮಣ್ಣಿಗೆ ಬಾಡಿಗೆ ಕೊಟ್ಟ ಹಾಗಾಯ್ತು!

ತೊಳೆಯೋದು ಅಂದ್ರೆ ಸೋಪು ಹಾಕಿ ಉಜ್ಜೋದಲ್ಲ. ನಮ್ಮಮ್ಮ ರಾಗಿ ಗಾಳಿಸುವಾಗ ನೀರಲ್ಲಿ ಅಲ್ಲಾಡಿಸಿದರೆ ಕಲ್ಲು ತಳಕ್ಕೆ ಕೂರುತ್ತಲ್ಲ, ಹಾಗೆ. ಕಲ್ಲಿದ್ದಲು ಅಷ್ಟೇ ಗಾತ್ರದ ನೀರಿಗಿಂತ ಸುಮಾರು 1.3 ಪಟ್ಟು ಭಾರ, ಕಲ್ಲು ಸುಮಾರು 2.5 ಪಟ್ಟು. ಬರೀ ನೀರಲ್ಲಿ ಎರಡೂ ಮುಳುಗುತ್ತವೆ. ಅದಕ್ಕೆ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರನ್ನು ನುಣ್ಣಗೆ ಪುಡಿ ಮಾಡಿ ಕಲಸಿ ನೀರನ್ನೇ ಭಾರ ಮಾಡುತ್ತಾರೆ. ಆಗ ಕಲ್ಲಿದ್ದಲು ತೇಲುತ್ತೆ, ಕಲ್ಲು ಮುಳುಗುತ್ತೆ. ಕೊನೆಗೆ ಆ ಪುಡಿಯನ್ನು ಅಯಸ್ಕಾಂತದಿಂದ ಹಿಡಿದು ಮತ್ತೆ ಬಳಸುತ್ತಾರೆ. ಇದು ನನಗೆ ತುಂಬಾ ಇಷ್ಟವಾಯಿತು.

ಈಗ ನನ್ನ ತಪ್ಪಿಗೆ ಬರೋಣ. ಕಲ್ಲಿದ್ದಲಲ್ಲಿ ಗಂಧಕ ಮುಖ್ಯವಾಗಿ ಎರಡು ರೀತಿ ಇರುತ್ತದೆ. ಒಂದು ಪೈರೈಟ್, ಹಳದಿಯಾಗಿ ಹೊಳೆಯುವ ಖನಿಜ. ಅದು ನೀರಿಗಿಂತ ಸುಮಾರು 5 ಪಟ್ಟು ಭಾರ, ಬಿಡಿಯಾಗಿದ್ದರೆ ಕಲ್ಲಿನ ಜೊತೆ ಮುಳುಗಿ ಹೋಗುತ್ತದೆ. ಇನ್ನೊಂದು ಕಲ್ಲಿದ್ದಲಿನಲ್ಲೇ ಬೆರೆತುಹೋದದ್ದು. ಕೊಬ್ಬರಿ ತೊಳೆದರೆ ಒಳಗಿನ ಎಣ್ಣೆ ಹೋಗುತ್ತದೆಯೇ? ಹಾಗೇ ಇದೂ ಹೋಗಲ್ಲ. ಬೂದಿಯೂ ಅಷ್ಟೆ, ಸಣ್ಣದಾಗಿ ಒಳಗೇ ಸೇರಿದ ಮಣ್ಣು ಬಿಡುವುದಿಲ್ಲ. ಕಲ್ಲು ಸಮೇತ ರಾಗಿ ಬೀಸಿಬಿಟ್ಟರೆ ಹಿಟ್ಟನ್ನು ಗಾಳಿಸಕ್ಕಾಗುತ್ತಾ!

ಉಳಿದ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಅದರಿಂದ ಆಮ್ಲಮಳೆ ಬರುತ್ತದೆ. ಇದನ್ನು ತಡೆಯಲು ಹೊಗೆಗೆ ಸುಣ್ಣದಕಲ್ಲಿನ ಪುಡಿ ಕಲಸಿದ ನೀರು ಚಿಮುಕಿಸಿದರೆ ಜಿಪ್ಸಂ ಸಿಗುತ್ತದೆ. ಅಸ್ಸಾಂ, ಮೇಘಾಲಯದ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ, ದೇಶದ ಬೇರೆ ಕಡೆ ಬಹುಪಾಲು ನೂರಕ್ಕೆ ಒಂದು ಪಾಲೂ ಇಲ್ಲ. ನಮಗೆ ದೊಡ್ಡ ತೊಂದರೆ ಬೂದಿಯದೇ.

ಗಣಿಯಿಂದ ಬಹಳ ದೂರದ ಕೇಂದ್ರಗಳು ನೂರಕ್ಕೆ 34ಕ್ಕಿಂತ ಹೆಚ್ಚು ಬೂದಿಯ ಕಲ್ಲಿದ್ದಲು ಉರಿಸಬಾರದೆಂದು ಕೇಂದ್ರ ಸರ್ಕಾರ 2014ರಲ್ಲಿ ನಿಯಮ ಮಾಡಿತ್ತು. 2020ರಲ್ಲಿ ಅದನ್ನು ತೆಗೆಯಿತು. ನನಗೆ ಮೊದಲು ಸರಿ ಕಾಣಲಿಲ್ಲ. ಆದರೆ ತೊಳೆದ ಕಪ್ಪು ನೀರು, ಬಿಸಾಡಿದ ಕಲ್ಲು ಗಣಿಯ ಪಕ್ಕದ ಊರಿನಲ್ಲೇ ಉಳಿಯುತ್ತದಲ್ಲ! ನೀರನ್ನು ತಿಳಿಯಾಗಿಸಿ ಮತ್ತೆ ಬಳಸದೆ ಹಳ್ಳಕ್ಕೆ ಬಿಟ್ಟರೆ ಅಲ್ಲಿನವರ ಗತಿ? ಬೋರ್‌ವೆಲ್ ಬತ್ತಿ ತೆಂಗು ಒಣಗಿದ್ದನ್ನು ಕಂಡ ನಮಗೆ ಇದು ಬಿಡಿಸಿ ಹೇಳಬೇಕಿಲ್ಲ.

ಭಾರದ ನೀರು ಹೇಗೆ ತೇಲಿಸುತ್ತದೆಂದು ನೋಡಬೇಕೆನ್ನುವವರು ಶನಿವಾರ ಬನ್ನಿ. ಲೋಟದ ನೀರಲ್ಲಿ ಮೊಟ್ಟೆ ಮುಳುಗುತ್ತೆ, ಉಪ್ಪು ಕದಡುತ್ತಾ ಹೋದರೆ ಮೇಲೆ ಬರುತ್ತೆ. ಉಪ್ಪು ನಾನು ತರ್ತೀನಿ. ಮೊಟ್ಟೆ ಯಾರಾದರೂ ತನ್ನಿ, ಹಸಿದು, ತಾಜಾ ಇರಲಿ.