ಮುಟ್ಟು ನಿಂತವರ ಹೊಟ್ಟೆನೋವು: ಸ್ಕ್ಯಾನ್ ಏನು ಹೇಳುತ್ತದೆ?

ಪ್ರಶ್ನೆ: ನಮ್ಮ ಅತ್ತೆಗೆ 70 ವರ್ಷ. ಹೊಟ್ಟೆನೋವು, ಚಳಿಜ್ವರ ಬಂದಾಗ ಗ್ಯಾಸ್ ಎಂದು ಮಾತ್ರೆ ಕೊಟ್ಟೆವು. ಹೊಟ್ಟೆ ಬಿಗಿದು ಗಟ್ಟಿಯಾದ ಮೇಲೆ ಆಸ್ಪತ್ರೆಗೆ ಒಯ್ದೆವು. ಎಕ್ಸ್-ರೇ ನೋಡಿ ಕರುಳು ತೂತಾಗಿರಬಹುದು ಎಂದರು. ಮಿರಜಿನಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದರೆ, ಗರ್ಭಚೀಲದಲ್ಲಿ ಕೀವು ತುಂಬಿ ಒಡೆದಿತ್ತು. ಆಪರೇಶನ್ ಆಗಿ ಈಗ ಹುಷಾರಾಗಿದ್ದಾರೆ. ಮುಟ್ಟು ನಿಂತು ಇಪ್ಪತ್ತು ವರ್ಷವಾದವರಿಗೆ ಹೀಗಾಗುವುದುಂಟೆ ಡಾಕ್ಟರೇ?
— ಓದುಗರು, ಕಾಗವಾಡ ತಾಲ್ಲೂಕು

ಉತ್ತರ: ಅಪರೂಪಕ್ಕೆ ಆಗುತ್ತದೆ ತಾಯಿ. ವಯಸ್ಸಾದಂತೆ ಗರ್ಭಕೋಶದ ಬಾಯಿ ಕಿರಿದಾಗಿ, ಕೆಲವರಲ್ಲಿ ಮುಚ್ಚಿಯೇ ಹೋಗುತ್ತದೆ. ಕ್ಯಾನ್ಸರ್ ಗಡ್ಡೆ, ಹಿಂದೆ ಪಡೆದ ರೇಡಿಯೇಶನ್ ಕೂಡ ಕಾರಣವಾಗಬಹುದು. ಒಳಗಿನ ಸ್ರಾವ ಹೊರಬರದೆ, ಸೋಂಕು ತಗುಲಿ ಕೀವಾಗುತ್ತದೆ. ಇದಕ್ಕೆ ಪಯೋಮೆಟ್ರಾ ಎನ್ನುತ್ತೇವೆ. ಒಡೆದರೆ ಕೀವು ಹೊಟ್ಟೆಯೆಲ್ಲ ಹರಡಿ ಜೀವಕ್ಕೇ ಅಪಾಯ.

ಕೀವಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಗಾಳಿ ಹುಟ್ಟಿಸುತ್ತವೆ. ಆ ಗಾಳಿ ಮೇಲೇರಿ ವಪೆಯ ಕೆಳಗೆ ಸೇರಿದರೆ, ನಿಲ್ಲಿಸಿ ತೆಗೆದ ಎಕ್ಸ್-ರೇಯಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ಕರುಳು ತೂತಾದಾಗಲೂ ಇದೇ ಚಿತ್ರ. ಹಾಗಾಗಿ ನಿಮ್ಮ ವೈದ್ಯರ ಅನುಮಾನ ಸಹಜವೇ. ಗಾಳಿ ಎಲ್ಲಿಂದ ಬಂತೆಂದು ಎಕ್ಸ್-ರೇ ಹೇಳದು. ಸಿಟಿಯಲ್ಲಿ ಉಬ್ಬಿದ ಗರ್ಭಕೋಶ, ಕೀವಿನ ಮೇಲೆ ನಿಂತ ಗಾಳಿ, ಕೆಲವೊಮ್ಮೆ ಗೋಡೆ ಹರಿದ ಜಾಗವೂ ಕಾಣುತ್ತದೆ.

ಅಜ್ಜಿಯರ ಹೊಟ್ಟೆನೋವನ್ನೆಲ್ಲ ಗ್ಯಾಸ್ ಎಂದುಬಿಡುವುದು ನನಗೆ ಬಹಳ ಸಂಕಟ ತರುತ್ತದೆ. ಬಿಳಿಸೆರಗು, ರಕ್ತದ ಕಲೆ ಇದ್ದರೂ ಅವರು ಮಗನೆದುರು ಬಾಯಿಬಿಡುವುದಿಲ್ಲ. ಕೆಲವರಿಗೆ ಅಂಥ ಲಕ್ಷಣವೇ ಇರುವುದಿಲ್ಲ. ಸೊಸೆ, ಮಗಳು ಒಳಗೆ ಕೂರಿಸಿ ಕೇಳಬೇಕು, ಕೇಳಿದ್ದನ್ನು ಸ್ಕ್ಯಾನ್ ಚೀಟಿಯಲ್ಲಿ ಬರೆಸಬೇಕು. ಗರ್ಭಕೋಶ ತೆಗೆದಿದ್ದರೆ ಬಯಾಪ್ಸಿ ವರದಿಯನ್ನು ತಪ್ಪದೆ ಪಡೆಯಿರಿ. ಕ್ಯಾನ್ಸರ್ ಇಲ್ಲವೆಂದು ಖಾತ್ರಿಯಾಗಬೇಕು.

ಪ್ರಶ್ನೆ: ಅವ್ವನಿಗೆ 63 ವರ್ಷ. ಅಂಡಾಶಯದಲ್ಲಿ 9 ಸೆಂ.ಮೀ. ನೀರುಗಡ್ಡೆ ಇದೆ. ಕಿಬ್ಬೊಟ್ಟೆ ನೋವು ಒಮ್ಮೆಲೇ ಬಂದು ಹೋಗುತ್ತದೆ, ವಾಂತಿಯೂ ಆಗುತ್ತದೆ. ಡಾಪ್ಲರ್‌ನಲ್ಲಿ ರಕ್ತಸಂಚಾರ ಇದೆಯಂತೆ. ಕಾಯಬಹುದೆ?
— ಓದುಗರು, ನಿಪ್ಪಾಣಿ

ಉತ್ತರ: ಬೇಡ. ಗಡ್ಡೆಯ ಭಾರಕ್ಕೆ ಅಂಡಾಶಯ ತಿರುಚಿಕೊಂಡು, ಮತ್ತೆ ಬಿಚ್ಚಿಕೊಳ್ಳುತ್ತಿರಬಹುದು. ತಿರುಚಿದಾಗ ರಕ್ತ ಹೊರಹೋಗುವ ನಾಳ ಮೊದಲು ಅದುಮಿಕೊಳ್ಳುತ್ತದೆ, ಒಳಬರುವ ರಕ್ತ ಹರಿಯುತ್ತಲೇ ಇರಬಹುದು. ಆದ್ದರಿಂದ ಡಾಪ್ಲರ್ ಸರಿಯಿದೆ ಎಂಬ ಒಂದೇ ಮಾತಿಗೆ ಧೈರ್ಯವಾಗಿರಬೇಡಿ. ಈ ವಯಸ್ಸಿನಲ್ಲಿ ಗಡ್ಡೆಯ ಸ್ವಭಾವವನ್ನೂ ಪರೀಕ್ಷಿಸಬೇಕು. ಕೊಲ್ಲಾಪುರವೋ ಬೆಳಗಾವಿಯೋ, ಸ್ತ್ರೀರೋಗ ಶಸ್ತ್ರಚಿಕಿತ್ಸೆ ಇರುವಲ್ಲಿಗೆ ತಡಮಾಡದೆ ಕರೆದೊಯ್ಯಿರಿ. ಹಳೆಯ ಸ್ಕ್ಯಾನ್ ಫಿಲ್ಮ್ ಜೊತೆಗಿರಲಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಸಿಟಿಗೆ ಮುನ್ನವೇ ಹೇಳಿ. ನೋವು ಮತ್ತೆ ಶುರುವಾದರೆ ರಾತ್ರಿಯಾದರೂ ಹೊರಡಿ, ದಾರಿಯಲ್ಲಿ ಊಟ, ಚಹಾ ಕೊಡಬೇಡಿ. ಕೂಡಲೇ ಆಪರೇಶನ್ ಮಾಡಬೇಕಾಗಬಹುದು.