ಪುಟ್ಟಿಗೆ, ಕಂಬಂನಿಂದ

ಪುಟ್ಟಿ,

"ತಾತಾ, ಇಪ್ಪತ್ತೆರಡು ತುಂಬಿತು, ಎತ್ತ ಹೋಗಬೇಕೆಂದೇ ತಿಳಿಯುತ್ತಿಲ್ಲ" ಅಂದೆಯಲ್ಲ, ಅದಕ್ಕೆ ಫೋನಿನಲ್ಲೇ ಸಮಾಧಾನ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ತಮಿಳುನಾಡಿನ ಈ ಕಂಬಂ ಕಣಿವೆಯ ನಮ್ಮ ಕಪ್ಪಿಲಿಯ ಜನರ ಮನೆಗಳಲ್ಲಿ ಕನ್ನಡ ಬಾಯಿಮಾತಾಗಿಯೇ ಉಳಿದಿದೆ. ನೀನು ಬೆಂಗಳೂರಿಗೆ ಹೋಗಿ ಅಕ್ಷರವನ್ನೂ ಕಲಿತೆ. ಆ ಹೆಮ್ಮೆಯಿಂದಲೇ ಕಾಗದ ಬರೆಯುತ್ತಿದ್ದೇನೆ.

1895ರಲ್ಲಿ ಪೆರಿಯಾರ್ ನೀರನ್ನು ಬೆಟ್ಟ ಕೊರೆದು ನಮ್ಮ ಕಣಿವೆಗೆ ತಿರುಗಿಸಿದ ಎಂಜಿನಿಯರ್ ಪೆನ್ನಿಕ್ವಿಕ್ ದೊರೆಯ ಕಥೆ ಕೇಳುತ್ತಲೇ ನೀನು ಬೆಳೆದೆ. ಇವತ್ತು ಅದು ಬೇಡ. ಅವರಿಗೆ ತಮ್ಮ ವಿದ್ಯೆ ಗೊತ್ತಿತ್ತು, ಅಣೆಕಟ್ಟು ಕಟ್ಟಬೇಕಾದ ನದಿಯೂ ಕಣ್ಣೆದುರಿಗಿತ್ತು. ನಿನಗೆ ಬೇಕಾದದ್ದು ಏನೂ ಗೊತ್ತಿಲ್ಲದೆ ಹೊರಟವರ ಕಥೆ.

ದಿಂಡಿಗಲ್ ಹತ್ತಿರದ ಗಾಂಧಿಗ್ರಾಮ ಕಟ್ಟಿದ ಸೌಂದ್ರಂ ಅಮ್ಮ ಹುಟ್ಟಿದ್ದು 1904ರಲ್ಲಿ. ತಂದೆ ಟಿ.ವಿ. ಸುಂದರಂ ಅಯ್ಯಂಗಾರ್, ಮದುರೆಯಲ್ಲಿ ಟಿವಿಎಸ್ ಕಂಪನಿ ಕಟ್ಟಿದವರು. ಮಗಳಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆಯಾಯಿತು. ಗಂಡ ಡಾಕ್ಟರು, ರೋಗಿಗಳನ್ನು ನೋಡುತ್ತಲೇ ಪ್ಲೇಗ್ ತಗುಲಿ ತೀರಿಕೊಂಡರು. ನಿನಗಿಂತ ಚಿಕ್ಕ ವಯಸ್ಸಿನಲ್ಲೇ ಸೌಂದ್ರಂ ಅಮ್ಮ ವಿಧವೆಯಾದರು. ಆ ಕಾಲದಲ್ಲಿ ಅಂಥ ಹೆಣ್ಣಿಗೆ ಮನೆಯ ಒಂದು ಮೂಲೆಯೇ ಗತಿ. ಆದರೆ ಓದಿ ಡಾಕ್ಟರಾಗಬೇಕೆಂದು ಗಂಡ ಹೇಳಿಹೋಗಿದ್ದರಂತೆ. ಆಕೆಯ ಕೈಯಲ್ಲಿದ್ದದ್ದು ಆ ಒಂದು ಮಾತು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಓದಿ ಡಾಕ್ಟರಾದಾಗ 1936, ವಯಸ್ಸು ಮೂವತ್ತು ದಾಟಿತ್ತು.

ದೆಹಲಿಗೆ ಹೋಗುವಾಗ ಗಾಂಧಿಗ್ರಾಮದ ಕನಸು ಅವರಿಗೆಲ್ಲಿತ್ತು? ಕಾಲೇಜಿನಲ್ಲಿ ಸುಶೀಲಾ ನಯ್ಯರ್ ಗೆಳತಿಯಾದರು, ಅವರಿಂದ ಗಾಂಧೀಜಿಯ ಪರಿಚಯ. 1940ರಲ್ಲಿ ಜಿ. ರಾಮಚಂದ್ರನ್ ಅವರೊಂದಿಗೆ ಮರುಮದುವೆ. 1947ರಲ್ಲಿ ಇಬ್ಬರೂ ನೇಕಾರರ ಊರಾದ ಚಿನ್ನಾಳಪಟ್ಟಿಯ ಪಕ್ಕದಲ್ಲಿ ನೆಲೆನಿಂತು ಗಾಂಧಿಗ್ರಾಮ ಶುರುಮಾಡಿದರು. ಸಣ್ಣದೊಂದು ದವಾಖಾನೆ ಮುಂದೆ ಕಸ್ತೂರ್ಬಾ ಆಸ್ಪತ್ರೆಯಾಯಿತು. 1956ರಲ್ಲಿ ಶುರುವಾದ ಗ್ರಾಮೀಣ ವಿದ್ಯಾಸಂಸ್ಥೆಗೆ 1976ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಒಂದು ಕೆಲಸಕ್ಕೆ ಕೈಹಾಕಿದಾಗಲೇ ಮುಂದಿನದು ಕಂಡಿತು, ಪುಟ್ಟಿ. ರೂಮಿನಲ್ಲಿ ಒಬ್ಬಳೇ ಕೂತು "ನನ್ನ ಗುರಿ ಏನು" ಎಂದು ಎಷ್ಟು ಕೇಳಿಕೊಂಡರೂ ಇದು ಹೊಳೆಯುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇನ್ನೊಂದು ಗಮನಿಸಿದೆ. ನಿನ್ನ ಕಂಪನಿ ಕೆಲಸದ ಬಗ್ಗೆ ಎರಡು ಮಾತಿನಲ್ಲಿ ಮುಗಿಸಿದೆ. ಹಾಸ್ಟೆಲಿನ ಅಡುಗೆಯವಳ ಮಗನಿಗೆ ಲೆಕ್ಕ ಹೇಳಿಕೊಡುತ್ತೀಯಲ್ಲ, ಆ ಹುಡುಗನಿಗೆ ಭಿನ್ನರಾಶಿ ಯಾಕೆ ತಲೆಗೆ ಹತ್ತುವುದಿಲ್ಲ ಎಂಬುದನ್ನು ಮಾತ್ರ ಯಾರೂ ಕೇಳದೆಯೇ ಬಹಳ ಹೊತ್ತು ಹೇಳಿದೆ. ಮೇಷ್ಟ್ರಾಗು ಎಂದು ನಾನು ಹೇಳುತ್ತಿಲ್ಲ. ಕಂಪನಿ ಬಿಡು ಎಂದೂ ಅಲ್ಲ. ಸಂಬಳ ಮನೆಗೆ ಬೇಕು, ಅದರಲ್ಲಿ ಸಣ್ಣತನವಿಲ್ಲ. ಆ ಹುಡುಗನನ್ನು ನಡುವೆ ಕೈಬಿಡಬೇಡ. ಅವನ ಜೊತೆ ಇನ್ನಿಬ್ಬರು ಬಂದರೆ ಅವರನ್ನೂ ಕೂರಿಸಿಕೋ. ಒಂದು ವರ್ಷ ಹೀಗೆ ಮಾಡಿ, ಏನನ್ನಿಸಿತೆಂದು ನನಗೆ ಬರೆ.

ಪೊಂಗಲ್ ರಜಕ್ಕೆ ಎರಡು ದಿನ ಹೆಚ್ಚಿಗೆ ಕೇಳಿಕೊಂಡು ಬಾ. ಮಾಟ್ಟುಪೊಂಗಲಿಗೆ ನಮ್ಮ ದೇವರ ದನಗಳ ದೊಡ್ಡಿಯಾದ ತಂಬಿರಾನ್ ತೊಳುವಿಗೆ ಹೋಗಿಬಂದ ಮರುದಿನ, ತೇನಿ, ವತ್ತಲಗುಂಡು ಮೇಲಿಂದ ಗಾಂಧಿಗ್ರಾಮಕ್ಕೆ ಹೋಗೋಣ. ಚಿನ್ನಾಳಪಟ್ಟಿಯ ಸುಂಗುಡಿ ಸೀರೆ ಬೇಕೆಂದು ನಿನ್ನ ಅಜ್ಜಿಯೂ ಹೊರಟಿದ್ದಾಳೆ.

ನಿನ್ನ ತಾತ